ಊದಿದ ಮೇಲೆಯೇ ಸ್ಟಾರ್ಟ್

ಇವತ್ತು ಆಫೀಸಿನ ಪಾರ್ಕಿಂಗಿನಲ್ಲಿ ಪಕ್ಕದ ಕಾರಿನವರು ಸುರುಳಿ ವೈರಿನ ಪುಟ್ಟ ಡಬ್ಬಿಯೊಂದನ್ನು ಬಾಯಿಗಿಟ್ಟು ಊದುತ್ತಿದ್ದರು. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ. ಬೀಪ್ ಅಂದಮೇಲೆಯೇ ಕಾರು ಸ್ಟಾರ್ಟ್ ಆಯಿತು.

ಕುಡಿದು ಓಡಿಸಿ ಸಿಕ್ಕಿಬಿದ್ದವರಿಗೆ ಇಲ್ಲಿ ಅಮೆರಿಕದಲ್ಲಿ ಹಾಕಿಸುವ ಸಾಧನ ಅದು. ದಾರಿ ಮಧ್ಯೆಯೂ ಮತ್ತೆ ಊದಿ ಅನ್ನುತ್ತದೆ.

ಹೊಸ ಕಾರುಗಳಲ್ಲೆಲ್ಲ ಕುಡಿತ ಪತ್ತೆ ಮಾಡಿ ಕಾರನ್ನು ತಡೆಯುವ ವ್ಯವಸ್ಥೆ ಇರಲಿ, ಊದುವ ಗೋಜೂ ಬೇಡ ಅಂತ 2021ರಲ್ಲೇ ಇಲ್ಲಿ ಕಾನೂನು ಆಯಿತು. ಉಸಿರನ್ನೋ ಬೆರಳ ತುದಿಯನ್ನೋ ಓಡಿಸುವ ರೀತಿಯನ್ನೋ ಸೆನ್ಸರ್ ತಾನೇ ನೋಡಿಕೊಳ್ಳಬೇಕು. ನಿಯಮ ರೂಪಿಸಲು ಗಡುವು 2024ರ ನವೆಂಬರ್. ಅದು ಸುಮ್ನೆ ದಾಟಿಹೋಯಿತು.

‘ಸರ್ಕಾರ ನಮ್ಮ ಕಾರನ್ನೇ ಆಫ್ ಮಾಡುತ್ತೆ’ ಅನ್ನುವವರು ತುಂಬಾ ಜನ. ಸೆನ್ಸರ್ ತಪ್ಪಿದರೆ ಅನ್ನೋ ಭಯ ನನಗೂ ಇದೆ. ಮಧ್ಯರಾತ್ರಿ ಆಸ್ಪತ್ರೆಗೆ ಹೊರಟಾಗ ಕಾರು ಹಟ ಹಿಡಿದರೆ? ಆ ಡೇಟಾ ಯಾರ ಕೈ ಸೇರುತ್ತದೆ? ಕೇಳಲೇಬೇಕಾದ ಪ್ರಶ್ನೆಗಳು. ಉತ್ತರ ನಿಯಮದಲ್ಲೇ ಇರಲಿ.

ಆದರೆ ಕುಡಿದು ಓಡಿಸುವವರಿಂದ ಈ ದೇಶದಲ್ಲಿ ವರ್ಷಕ್ಕೆ 10 ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಾರೆ. ಅದೂ ಲೆಕ್ಕಕ್ಕೆ ಬರಬೇಕು ಅಲ್ವಾ?

ಮಗಳು ಮುಂದಿನ ವರ್ಷ ಲೈಸೆನ್ಸ್ ತಗೊಳ್ಳುತ್ತಾಳೆ. ಅವಳ ಎದುರಿಗೆ ಬರುವ ಕಾರಿನಲ್ಲಿ ಇದು ಇರಲಿ ಅನ್ನೋದೇ ನನ್ನ ಓಟು. ನಿಮ್ಮದು?