ಅದು ಹಂಗೇ ಇರುತ್ತೆ ಬಿಡಣ್ಣ

ಈ ವಾರ ಪೂರ್ತಿ ತಲೇಲಿ ಒಂದೇ ಮಾತು ಸುತ್ತುತಾ ಇದೆ, ಅದೂ ನಾನೇ ಆಡಿದ ಮಾತು. "ಅದು ಹಂಗೇ ಇರುತ್ತೆ ಬಿಡಣ್ಣ."

ದಾವಣಗೆರೆ ಹತ್ರದ ಒಂದು ಪತ್ತಿನ ಸಹಕಾರ ಸಂಘ. ಇರೋದೇ ಒಂದು ಸರ್ವರ್, ಅದರ ಮೇಲೆ ಪ್ರಾಕ್ಸ್‌ಮಾಕ್ಸ್ (ಒಂದೇ ಮೆಷಿನ್ ಒಳಗೆ ಹಲವು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್), ಒಳಗೆ ಎರಡು ವಿಎಂ, ಅಂದ್ರೆ ವರ್ಚುವಲ್ ಕಂಪ್ಯೂಟರ್. ಲೆಕ್ಕದ ಸಾಫ್ಟ್‌ವೇರ್ ತೆವಳ್ತಾ ಇದೆ ಅಂತ ಹದಿನೈದು ದಿನದಿಂದ ಫೋನ್ ಮೇಲೆ ಫೋನ್. ಕೌಂಟರ್ ಮೇಡಂ ಒಂದು ರಸೀದಿ ಸೇವ್ ಒತ್ತಿ, ಎದುರಿಗೆ ನಿಂತ ಪಿಗ್ಮಿ ಏಜೆಂಟ್ ಹತ್ರ ಮನೆ ಸುದ್ದಿ ಎಲ್ಲಾ ಮಾತಾಡಿ ಮುಗಿಸಿದ್ರೂ ಸ್ಕ್ರೀನ್ ಮೇಲೆ ಚಕ್ರ ತಿರುಗ್ತಾನೇ ಇತ್ತು. ನನಗಿಂತ ಮುಂಚೆ ನೋಡಿದ ಪುಣ್ಯಾತ್ಮ ರ್‍ಯಾಮ್ ಹಾಕಿಸಿ ದುಡ್ಡು ತಗೊಂಡು ಹೋಗಿದ್ದ.

ಸೋಮವಾರ ಹೋದೆ. ಸರ್ವರ್ ರೂಮ್ ಬೀಗ ತೆಗೆದಿದ್ದು ಅಲ್ಲಿನ ಅಟೆಂಡರ್, ಐವತ್ತೈದು ದಾಟಿರಬೇಕು. ಬಾಗಿಲು ತೆಗೀತಾನೇ ಹೇಳಿದ್ರು, "ಸರ, ರಾತ್ರಿ ಲೈಟ್ ಆರಿಸಿದ್ರೆ ಈ ಡಬ್ಬಿ ಮುಂದ್ಗಡೆ ಹಳದಿ ದೀಪ ಮಿಣ ಮಿಣ ಅಂತೈತಿ, ಮೊದ್ಲು ನೀಲಿ ಇತ್ತು." ನಾನು ಲ್ಯಾಪ್‌ಟಾಪ್‌ನಿಂದ ತಲೆ ಕೂಡ ಎತ್ತಲಿಲ್ಲ. ಅದು ಹಂಗೇ ಇರುತ್ತೆ ಬಿಡಣ್ಣ.

ಆಮೇಲೆ ಎರಡು ದಿನ ನಾನು ಮಾಡಿದ ಸರ್ಕಸ್ ಕೇಳಿ. ವಿಂಡೋಸ್ ವಿಎಂ ಒಳಗೆ ಡಿಸ್ಕ್ 100% ತೋರಿಸ್ತಿದೆ, ಆದ್ರೆ ಓಡ್ತಿರೋದು ಸೆಕೆಂಡಿಗೆ ಒಂದು ಎಂಬಿನೂ ಇಲ್ಲ. ವಿಎಂಗೆ ಡಿಸ್ಕ್ ಜೋಡಿಸಿದ್ದು ಐಡಿಇ ಅನ್ನೋ ಹಳೇ ನಿಧಾನದ ರೀತೀಲಿ, ಸರಿ ಸಿಕ್ಕಿತು ಅಂದ್ಕೊಂಡು ವಿಎಂಗಳಿಗಂತಲೇ ಇರೋ ವೇಗದ ವರ್ಟ್‌ಐಒಗೆ ಬದಲಾಯಿಸಿದೆ (ಮೊದಲು ಸುಮ್ನೆ ಒಂದು ಚಿಕ್ಕ ಡಿಸ್ಕ್ ತಗುಲಿಸಿ ಡ್ರೈವರ್ ಹಾಕ್ಬೇಕು, ಇಲ್ಲಾಂದ್ರೆ ವಿಂಡೋಸ್ ಬೂಟೇ ಆಗಲ್ಲ, ಈ ಏಟು ಹಿಂದೆ ತಿಂದಿದೀನಿ). ಹೆಚ್ಚೇನೂ ಫರಕ್ ಆಗ್ಲಿಲ್ಲ. ಯಾರೋ ತೆಗೆದಿಟ್ಟು ಮರೆತಿದ್ದ ಹಳೇ ಸ್ನ್ಯಾಪ್‌ಶಾಟ್ (ವಿಎಂ ಆಗ ಹೆಂಗಿತ್ತೋ ಹಂಗೇ ಹಿಡಿದಿಟ್ಟ ಪ್ರತಿ) ಅಳಿಸಿದೆ. ಡೇಟಾಬೇಸ್ ಫೋಲ್ಡರ್ ಮುಟ್ಬೇಡ ಅಂತ ಆ್ಯಂಟಿವೈರಸ್‌ಗೆ ಹೇಳಿದೆ. ಊಹೂಂ.

ಬುಧವಾರ ಬುದ್ಧಿ ಬಂತು, ವಿಎಂ ಬಿಟ್ಟು ಹೋಸ್ಟ್‌ನಲ್ಲೇ, ಅಂದ್ರೆ ಅಸಲಿ ಸರ್ವರ್‌ನಲ್ಲೇ, ಡಿಸ್ಕ್ ಓದೋದು ಬರೆಯೋದು ಅಳೆಯೋ ಐಒಸ್ಟ್ಯಾಟ್ ಹಾಕಿ ಕೂತೆ. ಓದೋದು ಚೆನ್ನಾಗೇ ಇದೆ, ಬರೆಯೋದು ಮಾತ್ರ ಸಾಯ್ತಾ ಇದೆ. 4ಕೆ ರೈಟ್ ಟೆಸ್ಟ್ (ನಾಲ್ಕು ನಾಲ್ಕು ಕೆಬಿ ಚೂರು ಬರೆಸಿ ನೋಡೋದು) ಓಡಿಸಿದ್ರೆ ಸೆಕೆಂಡಿಗೆ ಎಪ್ಪತ್ತು ಚಿಲ್ಲರೆ ರೈಟ್. ಆ ಸಂಖ್ಯೆ ನೋಡಿದ್ದೇ ಲೆಕ್ಕ ಹೊಳೀತು. 7200 ಆರ್‌ಪಿಎಂ ಡಿಸ್ಕ್ ಒಂದಕ್ಕೆ ಸೆಕೆಂಡಿಗೆ ಎಪ್ಪತ್ತೈದು, ಎಂಬತ್ತು ಸಲ ಅಲ್ಲಿ ಇಲ್ಲಿ ಓಡಾಡೋಕಾಗುತ್ತೆ. ಇಲ್ಲಿ ಡಿಸ್ಕ್ ಜೋಡಿಸಿದ್ದು ರೇಡ್ 5ರಲ್ಲಿ, ಅಂದ್ರೆ ಒಂದು ಡಿಸ್ಕ್ ಸತ್ರೂ ಡೇಟಾ ಉಳಿಯೋ ತರ. ಅದರಲ್ಲಿ ಒಂದು ಚಿಕ್ಕ ರೈಟ್ ಅಂದ್ರೆ ಹಳೇ ಡೇಟಾ ಓದು, ಹಳೇ ಪ್ಯಾರಿಟಿ (ಸತ್ತ ಡಿಸ್ಕಿನ ಡೇಟಾ ಮತ್ತೆ ಲೆಕ್ಕ ಹಾಕೋಕೆ ಇಟ್ಟಿರೋ ಮಾಹಿತಿ) ಓದು, ಎರಡನ್ನೂ ಹೊಸದಾಗಿ ಬರಿ, ಒಟ್ಟು ನಾಲ್ಕು ಕೆಲಸ. ಇರೋದೂ ನಾಲ್ಕೇ ಡಿಸ್ಕ್. ಅಂದ್ರೆ ನಾಲ್ವರು ಸೇರಿ ಒಬ್ಬನ ಕೆಲಸ ಮಾಡ್ತಾ ಇದ್ದಾರೆ, ಸರ್ಕಾರಿ ಕಾಮಗಾರಿ ತರ. ಇದನ್ನ ಮುಚ್ಚಿ ಮರ್ಯಾದೆ ಉಳಿಸ್ಬೇಕಾದ ರೇಡ್ ಕಾರ್ಡ್‌ನ ಕ್ಯಾಶ್ (ಬರೆಯೋದನ್ನ ಸ್ವಲ್ಪ ಹೊತ್ತು ಹಿಡಿದಿಡೋ ಮೆಮೊರಿ) ಎಲ್ಲಿ ಹೋಯ್ತು?

ಕಾರ್ಡ್‌ನ ಸ್ಥಿತಿ ಹೇಳೋ ಮೆಗಾಸಿಎಲ್‌ಐ ಕಮಾಂಡ್‌ನ ಕೇಳಿದೆ. ಡೀಫಾಲ್ಟ್ ಪಾಲಿಸಿ: ರೈಟ್‌ಬ್ಯಾಕ್ (ಮೊದಲು ಕ್ಯಾಶ್‌ಗೆ, ಆಮೇಲೆ ಡಿಸ್ಕಿಗೆ). ಈಗಿನ ಪಾಲಿಸಿ: ರೈಟ್‌ಥ್ರೂ (ನೇರ ಡಿಸ್ಕಿಗೆ). ಕಾರ್ಡ್ ಮೇಲಿನ ಪುಟ್ಟ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದ್ರೆ ಕ್ಯಾಶ್‌ನಲ್ಲಿರೋ ಡೇಟಾನ ಹಿಡಿದಿಡೋದು ಅದೇ ಬ್ಯಾಟರಿ. ಅದು ಸತ್ತ ತಕ್ಷಣ ಕಾರ್ಡ್ ಯಾರನ್ನೂ ಕೇಳದೆ ಕ್ಯಾಶ್ ಬಿಟ್ಟು ನೇರ ಡಿಸ್ಕಿಗೇ ಬರೆಯೋಕೆ ಶುರು ಮಾಡುತ್ತೆ. ಸರಿಯಾಗೇ ಮಾಡುತ್ತೆ ಪಾಪ.

ಎದ್ದು ಸರ್ವರ್ ಮುಂದೆ ಹೋಗಿ ಕೂತು ನೋಡಿದೆ. ಆಯುಧ ಪೂಜೆಗೆ ಇಟ್ಟ ಗಂಧ ಕುಂಕುಮ ಒಣಗಿ ಸರಿಯಾಗಿ ಆ ದೀಪದ ಮೇಲೇ ಪದರ ಕಟ್ಟಿದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಏನೂ ಕಾಣಲ್ಲ. ಲೈಟ್ ಆರಿಸಿದೆ. ಕುಂಕುಮದ ಅಂಚಲ್ಲಿ ಹಳದಿ, ಮಿಣ ಮಿಣ. ಆಫೀಸೆಲ್ಲಾ ಖಾಲಿಯಾದ್ಮೇಲೆ ದಿನಾ ಲೈಟ್ ಆರಿಸೋ ಮನುಷ್ಯನಿಗೆ ಮಾತ್ರ ಕಾಣೋ ದೀಪ ಅದು.

ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಒಳ್ಳೆಯವರೇ, ಆದ್ರೆ ಎಲ್ಲದಕ್ಕೂ ಅಡ್ಡದಾರಿ ಬೇಕು. ಬ್ಯಾಟರಿ ಇಲ್ದೆನೂ ಕ್ಯಾಶ್ ಆನ್ ಮಾಡಬಹುದಂತಲ್ಲ, ಯುಪಿಎಸ್ ಇದೆಯಲ್ಲ ಅಂದ್ರು. ಮಾಡಬಹುದು ಸರ್, ಪವರ್ ಸಪ್ಲೈ ಸುಟ್ರೆ ಯುಪಿಎಸ್ ಏನ್ ಮಾಡುತ್ತೆ, ಕಟ್ಟಿದ ಕಂತು ಲೆಡ್ಜರ್‌ನಲ್ಲಿ ಇಲ್ಲ ಅಂತ ಸದಸ್ಯರು ಬಂದ್ರೆ ಉತ್ತರ ನೀವೇ ಕೊಡಿ ಅಂದೆ. ಸುಮ್ನಾದ್ರು. ಶುಕ್ರವಾರ ಬ್ಯಾಟರಿ ಬಂತು, ಹಾಕಿದೆ, ಚಾರ್ಜ್ ಆಗೋವರೆಗೂ ರೈಟ್‌ಥ್ರೂನಲ್ಲೇ ಇತ್ತು, ಸಂಜೆ ಹೊತ್ತಿಗೆ ತಾನೇ ರೈಟ್‌ಬ್ಯಾಕ್‌ಗೆ ತಿರುಗ್ತು. ಮೇಡಂ ಸೇವ್ ಒತ್ತಿ ಬಾಯಿ ತೆಗೆಯೋಷ್ಟರಲ್ಲಿ ರಸೀದಿ ಪ್ರಿಂಟ್.

ನನ್ನನ್ನ ಕೊರೀತಿರೋದು ಎರಡು ದಿನ ಹಾಳಾಯ್ತು ಅಂತಲ್ಲ. ಅದೇ ಮಾತನ್ನ ಟೈ ಕಟ್ಟಿದ ಯಾರೋ "ಆ್ಯಂಬರ್ ಅಲರ್ಟ್ ಇದೆ" ಅಂದಿದ್ರೆ ನಾನು ಎದ್ದು ಹೋಗಿ ನೋಡ್ತಿದ್ದೆ, ಗ್ಯಾರಂಟಿ. ಊರಲ್ಲಿ ಅಮ್ಮ ಬೋರ್ ಮೋಟರ್ ಸದ್ದು ಬೇರೆ ತರ ಬರ್ತಿದೆ ಕಣೋ ಅಂದಾಗಲೂ ನಾನು ಫೋನಲ್ಲಿ ಹೀಗೇ ಅಂದಿದ್ದೆ, ಮುಂದಿನ ವಾರ ಕಾಯಿಲ್ ಸುಟ್ಟಿತ್ತು. ಹೊಲಕ್ಕೆ ದಿನಾ ಹೋಗೋದು ಅಮ್ಮ, ಸದ್ದಿನ ಬಗ್ಗೆ ತೀರ್ಪು ಕೊಡೋದು ಬೆಂಗಳೂರಲ್ಲಿ ಕೂತ ನಾನು.

ಹೊರಡೋವಾಗ ಅಟೆಂಡರ್ ಅಣ್ಣನಿಗೆ ನೀವು ಹೇಳಿದ್ದೇ ಸರಿ ಇತ್ತಣ್ಣ ಅಂದೆ. ಅವರಿಗೆ ಅದೇನು ದೊಡ್ಡ ವಿಷಯ ಅನ್ನಿಸ್ಲಿಲ್ಲ, ಕುಂಕುಮ ಇಟ್ಟಿದ್ದು ತಾವೇ ಅನ್ನೋದೇ ಚಿಂತೆ. ಒದ್ದೆ ಬಟ್ಟೇಲಿ ಒರೆಸ್ತಾ, "ಮುಂದಿನ ಸಲ ಈ ಮೂಲೇಲಿ ಇಡ್ತೀನಿ ಸರ, ಇಲ್ಲಿ ದೀಪ ಗೀಪ ಏನಿಲ್ಲ ಅಲ್ಲಾ?" ಅಂದ್ರು. ಈ ಸಲ ಬಗ್ಗಿ ನೋಡಿ ಹೇಳಿದೆ.