ಮುಸ್ಲಿಮರು ಕಾಬಾವನ್ನು ಪೂಜಿಸುತ್ತಾರೆಯೇ?

ವಿಗ್ರಹಾರಾಧನೆಯನ್ನು ಒಪ್ಪದ ನೀವು ಮಕ್ಕಾದಲ್ಲಿರುವ ಕಲ್ಲಿನ ಕಟ್ಟಡವೊಂದರ ಕಡೆಗೆ ಮುಖಮಾಡಿ ದಿನಕ್ಕೆ ಐದು ಬಾರಿ ತಲೆಬಾಗುವುದೇಕೆ, ಹಜ್ಜಿಗೆ ಹೋದವರು ಅಲ್ಲಿನ ಕಪ್ಪು ಕಲ್ಲಿಗೆ ಮುತ್ತಿಡುವುದೇಕೆ ಎಂದು ಸಹೋದ್ಯೋಗಿಗಳೂ ನೆರೆಹೊರೆಯವರೂ ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ವಾದಕ್ಕೆಂದು ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಕಾಬಾ ನಮಗೆ ನಮಾಜಿನ ದಿಕ್ಕು. ನಾವು ಆರಾಧಿಸುವುದು ಅಲ್ಲಾಹನೊಬ್ಬನನ್ನೇ. ಇಷ್ಟು ಹೇಳಿದರೆ ಉತ್ತರ ಸರಿಯಾಗುತ್ತದೆಯೇ ಹೊರತು ಕೇಳಿದವರಿಗೆ ಸಮಾಧಾನವಾಗುವುದಿಲ್ಲ, ಆಗಬೇಕೆಂದೂ ನಾನು ನಿರೀಕ್ಷಿಸುವುದಿಲ್ಲ. ಆ ದಿಕ್ಕು ಹೇಗೆ ಬಂತು ಎಂಬುದನ್ನು ಹೇಳಹೊರಟರೆ ಇಸ್ಲಾಮಿನ ಆರಂಭದ ಇತಿಹಾಸವನ್ನೂ ಅದರ ಮೂಲ ನಂಬಿಕೆಗಳನ್ನೂ ಹೇಳಬೇಕಾಗುತ್ತದೆ. ಬೇರೆಯವರ ಪೂಜಾಪದ್ಧತಿಯನ್ನು ತೂಗಿ ನೋಡುವುದು ನನ್ನ ಉದ್ದೇಶವಲ್ಲ. ನಮ್ಮದು ಏನೆಂದು ತಿಳಿಸುವುದಷ್ಟೇ ಉದ್ದೇಶ.

ಆರನೆಯ ಶತಮಾನದ ಮಕ್ಕಾ, ಬೋಳುಗುಡ್ಡಗಳ ನಡುವೆ, ಬೇಸಾಯಕ್ಕೆ ಒಗ್ಗದ ಕಣಿವೆಯಲ್ಲಿದ್ದ ಊರು. ಅಲ್ಲಿನ ಕುರೈಷ್ ಬುಡಕಟ್ಟಿನವರ ಜೀವನ ಯಮನ್ ಮತ್ತು ಸಿರಿಯಾಗಳ ಕಡೆಗಿನ ಒಂಟೆ ಸಾರ್ಥಗಳ ವ್ಯಾಪಾರದಿಂದ ಮತ್ತು ಕಾಬಾವನ್ನು ಸಂದರ್ಶಿಸಲು ಬರುತ್ತಿದ್ದ ಯಾತ್ರಿಕರಿಂದ ನಡೆಯುತ್ತಿತ್ತು. ಕಾಬಾದಲ್ಲಿ ಹುಬಲ್ ಎಂಬ ದೇವತೆಯ ಮೂರ್ತಿಯಿತ್ತು. ಕಾಬಾದ ಸುತ್ತಮುತ್ತ 360 ವಿಗ್ರಹಗಳಿದ್ದವೆಂದು ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿ, ಹೇಳುತ್ತದೆ. ತಾಯಿಫ್‌ನಲ್ಲಿ ಲಾತ್, ನಖ್ಲಾದಲ್ಲಿ ಉಝ್ಝಾ ಎಂದು ಬೇರೆ ಊರುಗಳಿಗೆ ಬೇರೆ ದೇವತೆಗಳಿದ್ದರು. ಅಲ್ಲಾಹನ ಹೆಸರು ಆ ಜನರಿಗೆ ಹೊಸದಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆಕಾಶ ಭೂಮಿಗಳನ್ನು ಸೃಷ್ಟಿಸಿದವನು ಅವನೇ ಎಂದು ಅವರೂ ಒಪ್ಪುತ್ತಿದ್ದರು. ಆದರೆ ಅವನ ಬಳಿ ತಮ್ಮ ಪರವಾಗಿ ಮಾತನಾಡಲು ಈ ದೇವತೆಗಳು ಬೇಕೆಂದು ನಂಬಿದ್ದರು. ಕಾಬಾವನ್ನು ಪ್ರವಾದಿ ಇಬ್ರಾಹೀಮರೂ ಅವರ ಮಗ ಇಸ್ಮಾಯೀಲರೂ ಏಕದೇವನ ಆರಾಧನೆಗೆಂದೇ ಕಟ್ಟಿದರು, ವಿಗ್ರಹಗಳು ಆಮೇಲೆ ಬಂದವು ಎಂಬುದು ನಮ್ಮ ನಂಬಿಕೆ.

ಸುಮಾರು 570ರಲ್ಲಿ ಅದೇ ಕುರೈಷ್ ಬುಡಕಟ್ಟಿನಲ್ಲಿ ಪ್ರವಾದಿ ಮುಹಮ್ಮದರು ಹುಟ್ಟಿದರು. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು, ಆರನೆಯ ವಯಸ್ಸಿನಲ್ಲಿ ತಾಯಿಯೂ ಹೋದರು. ಮೊದಲು ಅಜ್ಜ, ಆಮೇಲೆ ದೊಡ್ಡಪ್ಪ ಅಬೂತಾಲಿಬರು ಅವರನ್ನು ಸಾಕಿದರು. ಅನಾಥ ಮಕ್ಕಳ ಹಕ್ಕಿನ ಬಗ್ಗೆ ಕುರ್‌ಆನ್ ಅಷ್ಟು ಕಟುವಾಗಿ ಮಾತನಾಡುವುದನ್ನು ಓದುವಾಗಲೆಲ್ಲ ನನಗೆ ಈ ಬಾಲ್ಯ ನೆನಪಾಗುತ್ತದೆ. 610ರ ರಮಝಾನ್ ತಿಂಗಳಲ್ಲಿ, ಮಕ್ಕಾದ ಹೊರಗಿನ ಹಿರಾ ಗುಹೆಯಲ್ಲಿ ಏಕಾಂತದಲ್ಲಿದ್ದಾಗ ಜಿಬ್ರೀಲ್ ಎಂಬ ದೇವದೂತರ ಮೂಲಕ ಅವರಿಗೆ ಮೊದಲ ದೇವವಾಣಿ ಬಂತು. ಭಯದಿಂದ ನಡುಗುತ್ತ ಮನೆಗೆ ಬಂದವರನ್ನು ಹೊದಿಸಿ ಮಲಗಿಸಿ, ನೀವು ಬಂಧುಗಳನ್ನು ನೋಡಿಕೊಳ್ಳುವವರು, ಬಡವರ ಭಾರ ಹೊರುವವರು, ಅಲ್ಲಾಹನು ನಿಮ್ಮನ್ನು ಎಂದಿಗೂ ಕೈಬಿಡುವುದಿಲ್ಲ ಎಂದು ಧೈರ್ಯ ಹೇಳಿದವರು ಪತ್ನಿ ಖದೀಜಾ; ಅವರನ್ನು ಮೊದಲು ನಂಬಿದವರೂ ಅವರೇ. ಆಮೇಲಿನ ಸುಮಾರು 23 ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಂದ ವಾಣಿಯೆಲ್ಲ ಸೇರಿದ್ದೇ ಕುರ್‌ಆನ್.

ದೇವರು ಒಬ್ಬನೇ, ಅವನಿಗೂ ಮನುಷ್ಯನಿಗೂ ನಡುವೆ ಮಧ್ಯವರ್ತಿ ಬೇಡ, ಸತ್ತ ಮೇಲೆ ಪ್ರತಿಯೊಬ್ಬನೂ ತನ್ನ ಕರ್ಮಗಳಿಗೆ ಲೆಕ್ಕ ಕೊಡಬೇಕು ಎಂಬ ಬೋಧನೆ ಮಕ್ಕಾದ ಪ್ರಮುಖರಿಗೆ ಅವರ ಹಿರಿಯರ ನಂಬಿಕೆಗೂ ಊರಿನ ಆದಾಯಕ್ಕೂ ಒಟ್ಟಿಗೇ ಬಿದ್ದ ಏಟಿನಂತೆ ಕಂಡಿತು. ನಂಬಿದವರಲ್ಲಿ ಗುಲಾಮರೂ ಬಡವರೂ ಇದ್ದುದರಿಂದ ಹಿಂಸೆ ಅವರ ಮೇಲೆಯೇ ಹೆಚ್ಚಾಗಿ ನಡೆಯಿತು. ಕೆಲವರು ಕ್ರೈಸ್ತ ದೊರೆಯಿದ್ದ ಅಬಿಸೀನಿಯಾದಲ್ಲಿ ಆಶ್ರಯ ಪಡೆದರು. 622ರಲ್ಲಿ ಪ್ರವಾದಿಯವರು ಯಸ್ರಿಬ್‌ಗೆ ವಲಸೆ ಹೋದರು. ಆ ಊರೇ ಮದೀನಾ, ಆ ವರ್ಷದಿಂದಲೇ ಹಿಜರಿ ಶಕೆಯ ಎಣಿಕೆ.

ಕಾಬಾದ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಮದೀನಾದಲ್ಲಿ. ಅಲ್ಲಿಗೆ ಬಂದ ಮೇಲೆ 16 ಅಥವಾ 17 ತಿಂಗಳ ಕಾಲ ಪ್ರವಾದಿಯವರೂ ಅವರ ಸಂಗಡಿಗರೂ ನಮಾಜ್ ಮಾಡುತ್ತಿದ್ದುದು ಜೆರುಸಲೇಮಿನ ಕಡೆಗೆ. 624ರಲ್ಲಿ, ಇನ್ನು ಮುಂದೆ ಮಕ್ಕಾದ ಕಡೆಗೆ ತಿರುಗಬೇಕೆಂಬ ಆದೇಶ ಬಂತು. ಮದೀನಾದ ಹೊರವಲಯದ ಕುಬಾದಲ್ಲಿ ಬೆಳಗಿನ ನಮಾಜ್ ನಡೆಯುತ್ತಿದ್ದಾಗ ಒಬ್ಬರು ಬಂದು ಈ ಸುದ್ದಿ ತಿಳಿಸಿದರೆಂದೂ, ನಿಂತಿದ್ದವರು ನಮಾಜನ್ನು ಮುರಿಯದೆ ಹಾಗೆಯೇ ತಿರುಗಿಕೊಂಡರೆಂದೂ ಹದೀಸಿನಲ್ಲಿದೆ. ಮದೀನಾದಿಂದ ಜೆರುಸಲೇಮ್ ಉತ್ತರಕ್ಕೆ, ಮಕ್ಕಾ ದಕ್ಷಿಣಕ್ಕೆ. ಎಂದರೆ ಮುಖವಿದ್ದ ಕಡೆಗೆ ಬೆನ್ನಾಯಿತು, ಬೆನ್ನಿದ್ದ ಕಡೆಗೆ ಮುಖವಾಯಿತು. ಅವರು ಆರಾಧಿಸುತ್ತಿದ್ದುದು ಎದುರಿಗಿದ್ದ ಸ್ಥಳವನ್ನೇ ಆಗಿದ್ದರೆ ಆ ಒಂದು ನಮಾಜಿನ ನಡುವೆ ಅವರ ದೇವರು ಬದಲಾಗಬೇಕಿತ್ತು. ಅಂಥದ್ದೇನೂ ಆಗಲಿಲ್ಲ, ಬಾಯಲ್ಲಿದ್ದ ಪ್ರಾರ್ಥನೆ ಹಾಗೆಯೇ ಮುಂದುವರಿಯಿತು.

ದಿಕ್ಕು ಬದಲಾದದ್ದನ್ನು ಆಗಲೂ ಹಲವರು ಆಕ್ಷೇಪಿಸಿದರು. ಆ ಸಂದರ್ಭದ ವಚನಗಳು ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿವೆ. ಪೂರ್ವವೂ ಪಶ್ಚಿಮವೂ ಅಲ್ಲಾಹನವೇ ಎಂದು ಅಲ್ಲಿ ಹೇಳಲಾಗಿದೆ. ಅದೇ ಅಧ್ಯಾಯದ 177ನೆಯ ವಚನ ಇನ್ನೂ ಮುಂದೆ ಹೋಗುತ್ತದೆ. ನೀವು ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡುವುದರಲ್ಲಿ ಪುಣ್ಯವಿಲ್ಲ ಎಂದು ಆರಂಭಿಸಿ, ಪುಣ್ಯ ಯಾವುದರಲ್ಲಿದೆ ಎಂದು ಒಂದೊಂದಾಗಿ ಹೇಳುತ್ತದೆ: ಅಲ್ಲಾಹನಲ್ಲಿ, ಅಂತ್ಯದಿನದಲ್ಲಿ, ದೇವದೂತರಲ್ಲಿ, ದೇವಗ್ರಂಥದಲ್ಲಿ, ಪ್ರವಾದಿಗಳಲ್ಲಿ ನಂಬಿಕೆಯಿಡುವುದು, ಸಂಪತ್ತಿನ ಮೇಲೆ ಆಸೆಯಿದ್ದರೂ ಅದನ್ನು ಬಂಧುಗಳಿಗೆ, ಅನಾಥರಿಗೆ, ಬಡವರಿಗೆ, ದಾರಿಹೋಕರಿಗೆ, ಬೇಡುವವರಿಗೆ, ಗುಲಾಮರ ಬಿಡುಗಡೆಗೆ ಕೊಡುವುದು, ನಮಾಜ್ ಮಾಡುವುದು, ಝಕಾತ್ ಎಂಬ ಕಡ್ಡಾಯ ದಾನ ಕೊಡುವುದು, ಕೊಟ್ಟ ಮಾತಿಗೆ ತಪ್ಪದಿರುವುದು, ಕಷ್ಟದಲ್ಲಿ ತಾಳ್ಮೆಗೆಡದಿರುವುದು. ಇಸ್ಲಾಮಿನ ಮೂಲ ನಂಬಿಕೆಗಳೇನು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ವಚನವನ್ನು ಓದಿ ಎನ್ನುತ್ತೇನೆ. ಇದರಲ್ಲಿ ಬಂದ ಐದು ನಂಬಿಕೆಗಳ ಜೊತೆಗೆ ಎಲ್ಲವೂ ಅಲ್ಲಾಹನ ವಿಧಿಯಂತೆಯೇ ನಡೆಯುತ್ತದೆ ಎಂಬುದನ್ನು ಆರನೆಯದಾಗಿ ಹದೀಸ್ ಸೇರಿಸುತ್ತದೆ. ಇಲ್ಲಿ ಪ್ರವಾದಿಗಳು ಎಂದರೆ ಮುಹಮ್ಮದರೊಬ್ಬರೇ ಅಲ್ಲ; ಆದಮ್, ನೂಹ್ (ನೋಹ), ಇಬ್ರಾಹೀಮ್, ಮೂಸಾ (ಮೋಶೆ), ಈಸಾ (ಯೇಸು) ಇವರೆಲ್ಲರನ್ನೂ ಪ್ರವಾದಿಗಳೆಂದು ಒಪ್ಪದವನು ಮುಸ್ಲಿಮನಾಗಲಾರ. ಮುಹಮ್ಮದರು ಆ ಸರಣಿಯಲ್ಲಿ ಕೊನೆಯವರು.

ಆಚರಣೆಯ ಐದು ಸ್ತಂಭಗಳು ಬಹುಮಂದಿಗೆ ಗೊತ್ತಿರುವಂಥವು: ಅಲ್ಲಾಹನಲ್ಲದೆ ಬೇರೆ ಆರಾಧ್ಯನಿಲ್ಲ, ಮುಹಮ್ಮದರು ಅಲ್ಲಾಹನ ದೂತರು ಎಂಬ ಸಾಕ್ಷ್ಯ, ಐದು ಹೊತ್ತಿನ ನಮಾಜ್, ಝಕಾತ್, ರಮಝಾನ್ ಉಪವಾಸ, ಶಕ್ತಿಯಿದ್ದವರಿಗೆ ಜೀವನದಲ್ಲೊಮ್ಮೆ ಹಜ್. ಇವುಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ನಮಾಜ್ ಮತ್ತು ಉಪವಾಸ. ಒಂದು ಮಿತಿಗಿಂತ ಹೆಚ್ಚಾಗಿ ವರ್ಷವಿಡೀ ಉಳಿದ ಹಣದಲ್ಲಿ ಶೇಕಡಾ 2.5ನ್ನು ಬಡವರಿಗೆ ಕೊಡಲೇಬೇಕೆಂಬ ಝಕಾತಿನ ಬಗ್ಗೆ ನನ್ನನ್ನು ಕೇಳುವವರು ಕಡಿಮೆ. ಹೆಚ್ಚು ಜನ ಕೇಳಬೇಕಾದದ್ದು ಅದನ್ನೇ ಎಂದು ನನ್ನ ಅಭಿಪ್ರಾಯ.

ಮತ್ತೆ ಕಾಬಾಕ್ಕೆ ಬರುತ್ತೇನೆ. 630ರಲ್ಲಿ ಮಕ್ಕಾ ಪ್ರವಾದಿಯವರ ವಶವಾದಾಗ ಕಾಬಾದಿಂದ ವಿಗ್ರಹಗಳನ್ನು ತೆಗೆಸಿದರು. ಅನಂತರ ಆಝಾನ್, ಅಂದರೆ ನಮಾಜಿನ ಕರೆ, ಕೊಡಲು ಕಾಬಾದ ಚಾವಣಿಯನ್ನು ಹತ್ತಿದವರು ಬಿಲಾಲ್. ಒಂದು ಕಾಲದಲ್ಲಿ ಅದೇ ಊರಿನಲ್ಲಿ ಗುಲಾಮರಾಗಿ, ಸುಡುವ ಮರಳಿನ ಮೇಲೆ ಎದೆಗೆ ಬಂಡೆ ಹೇರಿಸಿಕೊಂಡು ನರಳಿದ್ದವರು. ಆರಾಧಿಸುವ ವಸ್ತುವಿನ ಮೇಲೆ ಯಾರೂ ಕಾಲಿಟ್ಟು ನಿಲ್ಲುವುದಿಲ್ಲ. ಇಂದು ಕಾಬಾದ ಒಳಗಿರುವುದು ಚಾವಣಿಯನ್ನು ಹೊತ್ತ ಮೂರು ಮರದ ಕಂಬಗಳು ಮತ್ತು ತೂಗುದೀಪಗಳು. ಮೂರ್ತಿಯಾಗಲಿ ಚಿತ್ರವಾಗಲಿ ಇಲ್ಲ.

ಕಪ್ಪು ಕಲ್ಲು ಕಾಬಾದ ಪೂರ್ವ ಮೂಲೆಯಲ್ಲಿ, ಬೆಳ್ಳಿಯ ಚೌಕಟ್ಟಿನಲ್ಲಿದೆ. ತವಾಫ್, ಅಂದರೆ ಕಾಬಾದ ಪ್ರದಕ್ಷಿಣೆ, ಆರಂಭವಾಗುವುದು ಅಲ್ಲಿಂದ. ಎರಡನೆಯ ಖಲೀಫ ಉಮರ್ ಅದಕ್ಕೆ ಮುತ್ತಿಡುವಾಗ, ನೀನು ಒಂದು ಕಲ್ಲು, ನಿನ್ನಿಂದ ಒಳಿತೂ ಇಲ್ಲ ಕೆಡುಕೂ ಇಲ್ಲ, ಪ್ರವಾದಿಯವರು ಮುತ್ತಿಟ್ಟಿದ್ದನ್ನು ನಾನು ಕಂಡಿರದಿದ್ದರೆ ಮುತ್ತಿಡುತ್ತಲೇ ಇರಲಿಲ್ಲ ಎಂದು ಹೇಳಿದ್ದು ಬುಖಾರಿಯ ಹದೀಸ್ ಸಂಗ್ರಹದಲ್ಲಿ ದಾಖಲಾಗಿದೆ. 930ರಲ್ಲಿ ಪೂರ್ವ ಅರೇಬಿಯಾದ ಕರ್ಮಾತಿ ಪಂಗಡದವರು ಮಕ್ಕಾದ ಮೇಲೆ ದಾಳಿ ಮಾಡಿ ಆ ಕಲ್ಲನ್ನೇ ಕಿತ್ತೊಯ್ದರು, ಅದು ಮರಳಿದ್ದು 951ರಲ್ಲಿ. ಅಷ್ಟೂ ವರ್ಷ ಆ ಮೂಲೆ ಬರಿದಾಗಿತ್ತು, ನಮಾಜ್ ಮಾತ್ರ ಒಂದು ಹೊತ್ತೂ ನಿಲ್ಲಲಿಲ್ಲ. ಮುತ್ತಿಡುವುದು ಕಡ್ಡಾಯವೂ ಅಲ್ಲ. ದೂರದಿಂದಲೇ ಕೈ ಎತ್ತಿ ಸನ್ನೆ ಮಾಡಿದರೂ ಸಾಕು. ಗುಂಪಿನಲ್ಲಿ ವೃದ್ಧರನ್ನೂ ಹೆಂಗಸರನ್ನೂ ತಳ್ಳಿಕೊಂಡು ಕಲ್ಲಿನ ಬಳಿಗೆ ನುಗ್ಗುವವರನ್ನು ನಾನು ಒಪ್ಪುವುದಿಲ್ಲ. ಐಚ್ಛಿಕವಾದ ಆಚರಣೆಗಾಗಿ ಇನ್ನೊಬ್ಬರಿಗೆ ನೋವು ಮಾಡುವುದು ಧರ್ಮದಲ್ಲಿ ತಪ್ಪು.

ಹಾಗಾದರೆ ನೀವು ಮುಹಮ್ಮದರನ್ನು ಪೂಜಿಸುತ್ತೀರಲ್ಲವೇ ಎಂದು ಕೆಲವರು ಮುಂದುವರಿಸುತ್ತಾರೆ. 632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಸಂಗಡಿಗರು ಅದನ್ನು ನಂಬಲಾರದೆ ಕಂಗೆಟ್ಟಿದ್ದರು. ಆಗ ಅಬೂಬಕರ್ ಎದ್ದುನಿಂತು, ಮುಹಮ್ಮದರನ್ನು ಆರಾಧಿಸುತ್ತಿದ್ದವರು ಯಾರಾದರೂ ಇದ್ದರೆ ಮುಹಮ್ಮದರು ಮರಣ ಹೊಂದಿದ್ದಾರೆಂದು ತಿಳಿಯಲಿ, ಅಲ್ಲಾಹನನ್ನು ಆರಾಧಿಸುತ್ತಿದ್ದವರು ಅವನು ಸದಾ ಜೀವಂತನೆಂದೂ ಅವನಿಗೆ ಮರಣವಿಲ್ಲವೆಂದೂ ತಿಳಿಯಲಿ ಎಂದರು. ಅವರು ಪ್ರವಾದಿಯವರ ಅತ್ಯಂತ ಆಪ್ತ ಗೆಳೆಯರು. ದುಃಖದ ಆ ಗಳಿಗೆಯಲ್ಲೂ ಅವರು ಕಾಪಾಡಿದ್ದು ಏಕದೇವ ನಂಬಿಕೆಯನ್ನು. ನಮಾಜಿನ ಪ್ರತಿ ಸುತ್ತಾದ ರಕಅತ್‌ನಲ್ಲಿ ಓದುವ, ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾದಲ್ಲಿ ಪ್ರವಾದಿಯವರ ಹೆಸರೂ ಇಲ್ಲ, ಕಾಬಾದ ಹೆಸರೂ ಇಲ್ಲ. ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ಸಹಾಯ ಬೇಡುತ್ತೇವೆ ಎಂದು ಅಲ್ಲಾಹನೊಡನೆ ನೇರವಾಗಿ ಆಡುವ ಮಾತಿದೆ.

ದೇವರು ಎಲ್ಲ ದಿಕ್ಕುಗಳಿಗೂ ಒಡೆಯನಾದರೆ ಒಂದೇ ದಿಕ್ಕು ಏಕೆ ಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಜೊತೆಯಾಗಿ ನಿಲ್ಲುವವರಿಗೆ ಒಂದು ಸಾಲು ಬೇಕು. ಅದು ಒಂದು ಮಸೀದಿಯ ಸಾಲಾಗಿ ಮುಗಿಯದೆ ಇಡೀ ಲೋಕದ ಸಾಲಾಗಲಿ ಎಂಬುದೇ ಇದರ ಆಶಯವೆಂದು ನಾನು ತಿಳಿದಿದ್ದೇನೆ. ಕರ್ನಾಟಕದಿಂದ ಮಕ್ಕಾ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತಿದೆ; ನ್ಯೂಯಾರ್ಕಿನಲ್ಲಿರುವ ಕನ್ನಡದ ಮುಸ್ಲಿಮರು ತಿರುಗುವುದು ಈಶಾನ್ಯದ ಕಡೆಗೆ. ಕಾಬಾದ ಅಂಗಳದಲ್ಲೇ ನಿಂತವರು ಸುತ್ತಲೂ ವೃತ್ತಾಕಾರವಾಗಿ, ಪರಸ್ಪರ ಎದುರುಬದುರಾಗಿ ನಿಲ್ಲುತ್ತಾರೆ. ವಿಜಯಪುರದ ಜಾಮಿಯಾ ಮಸೀದಿಯಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಚಿನ್ನದ ಬಣ್ಣದಿಂದಲೂ ಅಕ್ಷರಗಳಿಂದಲೂ ಸಿಂಗರಿಸಿದ ಮಿಹ್ರಾಬ್ ನೋಡಿದವರು ಅದನ್ನು ಗರ್ಭಗುಡಿಯೆಂದು ಭಾವಿಸುವುದುಂಟು. ಅಷ್ಟೆಲ್ಲ ಅಲಂಕಾರದ ನಡುವೆ ಇರುವುದು ಗೋಡೆಯೊಳಗಿನ ಬರಿದಾದ ಗೂಡು. ದಿಕ್ಕು ತೋರಿಸುವುದಷ್ಟೇ ಅದರ ಕೆಲಸ.

ರೈಲಿನಲ್ಲೋ ಅಪರಿಚಿತ ಊರಿನಲ್ಲೋ ದಿಕ್ಕು ತಿಳಿಯದಿದ್ದರೆ, ವಿಚಾರಿಸಿ, ಯೋಚಿಸಿ, ಸರಿಯೆಂದು ತೋರಿದ ಕಡೆಗೆ ನಮಾಜ್ ಮಾಡಬೇಕು. ಮುಗಿದ ಮೇಲೆ ದಿಕ್ಕು ತಪ್ಪಾಗಿತ್ತೆಂದು ಗೊತ್ತಾದರೆ, ನಮ್ಮ ಒಳನಾಡಿನ ಹೆಚ್ಚಿನವರು ಅನುಸರಿಸುವ ಹನಫಿ ಪಂಥದಲ್ಲಿ ಮತ್ತೆ ಮಾಡಬೇಕಿಲ್ಲ. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಪಂಥದ ಪ್ರಬಲ ಅಭಿಪ್ರಾಯದಲ್ಲಿ ಮತ್ತೆ ಮಾಡಬೇಕು. ಆದರೆ ದಿಕ್ಕು ತಪ್ಪಿದವನು ಬೇರೆ ಯಾರನ್ನೋ ಆರಾಧಿಸಿದನೆಂದು ಎರಡೂ ಪಂಥಗಳಲ್ಲಿ ಯಾರೂ ಹೇಳುವುದಿಲ್ಲ.