ಹಾಡು ಯಾವಾಗ ಶುರುವಾಗುತ್ತೆ?

ಶುರುವಾಗಿ 4 ನಿಮಿಷ ಆಯಿತು. ಉತ್ತರ ಇಷ್ಟೇ. ಪೋಸ್ಟ್-ರಾಕ್ (ರಾಕ್ ವಾದ್ಯಗಳಲ್ಲೇ ಉದ್ದುದ್ದವಾಗಿ ನುಡಿಸುವ, ಹೆಚ್ಚಾಗಿ ಹಾಡುಗಾರಿಕೆಯಿಲ್ಲದ ಸಂಗೀತ) ಹಾಕಿದ ಕಡೆಯೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಪ್ರಶ್ನೆಗಿಂತ ಅದರ ವರಸೆ ಸಿಟ್ಟು ತರಿಸುತ್ತದೆ. 'ಶುರು' ಅಂದರೆ ಏನು? ಡ್ರಮ್ಸ್ ಬರುವುದೇ? ಯಾರಾದರೂ ಬಾಯಿ ತೆರೆಯುವುದೇ? ಕನ್ನಡದಲ್ಲಿ 'ಹಾಡು' ಎಂದ ಮೇಲೆ ಹಾಡುವವರು ಇರಲೇಬೇಕು ಅನ್ನಿಸುವುದು ಸಹಜ, ಒಪ್ಪಿದೆ. ಹಾಗಾದರೆ ಹಾಡು ಅನ್ನಬೇಡಿ, ನುಡಿಸಿದ್ದು ಅನ್ನಿ. ಮೊದಲ 4 ನಿಮಿಷದ ಗಿಟಾರನ್ನು ಮಾತ್ರ ಬಸ್ಸಿಗೆ ಕಾಯುವ ಹೊತ್ತಿನಂತೆ ಕಳೆಯಬೇಡಿ.

ಇನ್ನು 'ಪೋಸ್ಟ್-ರಾಕ್ ಅಂದರೆ ಹಾಡುಗಾರರಿಲ್ಲದ ರಾಕ್' ಎನ್ನುವ ಪಂಡಿತರು. ಈ ಹೆಸರು ಈಗಿನ ಅರ್ಥದಲ್ಲಿ ಚಾಲ್ತಿಗೆ ಬಂದದ್ದು 1994ರಲ್ಲಿ, ಬ್ರಿಟಿಷ್ ವಿಮರ್ಶಕ ಸೈಮನ್ ರೆನಾಲ್ಡ್ಸ್ ಅವರಿಂದ. ಬಾರ್ಕ್ ಸೈಕೋಸಿಸ್ ತಂಡದ 'ಹೆಕ್ಸ್' ಆಲ್ಬಂ ಬಗ್ಗೆ ಬರೆಯುತ್ತ ಅದನ್ನು ಬಳಸಿದರು, ಅದೇ ವರ್ಷ 'ದಿ ವೈರ್' ಪತ್ರಿಕೆಯಲ್ಲಿ ಬಿಡಿಸಿ ಹೇಳಿದರು. ಸಾರ ಇಷ್ಟು: ರಾಕ್‌ನ ವಾದ್ಯಗಳನ್ನೇ ಇಟ್ಟುಕೊಂಡು ರಾಕ್ ಅಲ್ಲದ ಕೆಲಸ ಮಾಡಿಸುವುದು, ಗಿಟಾರಿನಿಂದ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಬದಲು ನಾದದ ಬಣ್ಣ ತೆಗೆಯುವುದು. ಬಾಯಿ ಮುಚ್ಚಿಕೊಳ್ಳಿ ಎಂಬ ನಿಯಮ ಅದರಲ್ಲೆಲ್ಲೂ ಇಲ್ಲ. 'ಹೆಕ್ಸ್'ನಲ್ಲಿ ಹಾಡಿದ್ದಾರೆ. ಈ ವಂಶದ ಅಜ್ಜನೆನಿಸಿಕೊಂಡ ಟಾಕ್ ಟಾಕ್ ತಂಡದ 'ಸ್ಪಿರಿಟ್ ಆಫ್ ಈಡನ್' (1988), 'ಲಾಫಿಂಗ್ ಸ್ಟಾಕ್' (1991) ಎರಡರಲ್ಲೂ ಮಾರ್ಕ್ ಹಾಲಿಸ್ ಹಾಡಿದ್ದಾರೆ. ಸ್ಲಿಂಟ್‌ನ 'ಸ್ಪೈಡರ್‌ಲ್ಯಾಂಡ್'ನಲ್ಲಿ (1991) ಹೆಚ್ಚುಪಾಲು ಮಾತು, ಗೊಣಗು, ಕೊನೆಗೊಂದು ಕಿರುಚಾಟ.

ಕೇಳುಗರ ಜಗಳ ಹುಟ್ಟುವುದೂ ಇಲ್ಲೇ. ಒಬ್ಬರು ಪೋಸ್ಟ್-ರಾಕ್ ಅದ್ಭುತ ಎನ್ನುವಾಗ ಅವರ ತಲೆಯಲ್ಲಿ ಶಿಕಾಗೋದ ಟಾರ್ಟಾಯ್ಸ್ ಇರುತ್ತದೆ: ವೈಬ್ರಾಫೋನ್, ಮರಿಂಬಾ, ಎರಡೆರಡು ಬೇಸ್, ಏರುಪೇರಿನ ಹಂಗಿಲ್ಲದ ಹರಿವು. ಇನ್ನೊಬ್ಬರು ಬೇಜಾರು ಎನ್ನುವಾಗ ಅವರ ತಲೆಯಲ್ಲಿ 2000ದ ನಂತರದ ಯಾವುದೋ ತಂಡ ಇರುತ್ತದೆ: ಮೆಲ್ಲಗೆ ಶುರು, ಮೆಲ್ಲಗೆ ಏರು, ಭೋರ್ಗರೆ, ನಿಲ್ಲು. ಇಬ್ಬರೂ ಒಂದೇ ಹೆಸರು ಹಿಡಿದು ಬೇರೆ ಬೇರೆ ಸಂಗೀತದ ಬಗ್ಗೆ ಗಂಟೆಗಟ್ಟಲೆ ಕಿತ್ತಾಡುತ್ತಾರೆ. ಯಾವ ತಂಡ, ಯಾವ ಆಲ್ಬಂ ಎಂದು ಮೊದಲೇ ಹೇಳಿಕೊಂಡರೆ ಮುಕ್ಕಾಲು ಜಗಳ ಅಲ್ಲಿಗೇ ಮುಗಿಯುತ್ತದೆ. ಹಾಗೆ ಮುಗಿಯುವುದು ಯಾರಿಗೂ ಬೇಕಿಲ್ಲ, ಅದು ಬೇರೆ ಮಾತು.

ಎರಡನೇ ಬಾಣ: 'ಎಲ್ಲಾ ಒಂದೇ ಥರ ಕೇಳುತ್ತಲ್ಲ?' ಹಲ್ಲು ಕಚ್ಚಿಕೊಂಡು ಒಪ್ಪಬೇಕು, ಏರಿಕೆಯ ತಂಡಗಳ ಮಟ್ಟಿಗೆ ಇದು ಅರ್ಧ ನಿಜ. ಯಾಕೆ ಹಾಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಕಲು ಮಾಡುವ ಚಟ ಒಂದು ಕಾರಣ. ದೊಡ್ಡ ಕಾರಣ ಗಿಟಾರ್ ನುಡಿಸುವವರ ಕಾಲ ಬುಡದಲ್ಲಿದೆ: ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಪೆಡಲ್ ಎಂಬ ಪೆಟ್ಟಿಗೆಗಳು.

ಡಿಲೇ ಪೆಡಲ್ ನುಡಿಸಿದ ಸ್ವರವನ್ನು ಹಿಡಿದಿಟ್ಟುಕೊಂಡು ಸ್ವಲ್ಪ ತಡೆದು ಮತ್ತೆ ಕೇಳಿಸುತ್ತದೆ. ಎಷ್ಟು ತಡೆಯಬೇಕು ಎನ್ನುವುದಕ್ಕೆ ಲೆಕ್ಕ ಇದೆ. 60,000ವನ್ನು ನಿಮಿಷದ ಬೀಟ್‌ಗಳಿಂದ ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಮಿಲಿಸೆಕೆಂಡ್ ಎಂದು ಸಿಗುತ್ತದೆ. 120ರ ವೇಗಕ್ಕೆ 500. ಪೆಡಲನ್ನು ಅದರ ಮುಕ್ಕಾಲಿಗೆ, ಅಂದರೆ 375ಕ್ಕೆ ಇಟ್ಟು ಬೀಟ್‌ಗೆ ಎರಡು ಸ್ವರದಂತೆ ನುಡಿಸಿದರೆ, ಸ್ವರ ಸ್ವರದ ನಡುವೆ ಮಾರ್ದನಿ ತೂರಿಕೊಂಡು ಕೈ ಎರಡು ಪಟ್ಟು ವೇಗದಲ್ಲಿ ಓಡಿದ ಹಾಗಿರುತ್ತದೆ. ಮಿನುಗುವ ಗಿಟಾರಿನ ಗುಟ್ಟು ಇದೇ. ಕೆಡುವುದೂ ಇಲ್ಲೇ. ಏರುವ ಹುರುಪಿನಲ್ಲಿ ಡ್ರಮ್ಮರ್ 126ರ ವೇಗಕ್ಕೆ ಓಡಿದರೆ ಬೀಟ್ 476 ಮಿಲಿಸೆಕೆಂಡಿಗೆ ಇಳಿಯುತ್ತದೆ, ಬೇಕಾದ ಡಿಲೇ 357. ಪೆಡಲ್ ಬಡಪಾಯಿ 375ರಲ್ಲೇ ಕೂತಿರುತ್ತದೆ. ಮೂರನೇ ಮಾರ್ದನಿ ಬರುವಷ್ಟರಲ್ಲಿ ಕಲಸುಮೇಲೋಗರ. ಅದಕ್ಕೇ ಕೆಲವರು ಕಾಲಲ್ಲಿ ತಟ್ಟಿ ವೇಗ ತಿಳಿಸುವ ಟ್ಯಾಪ್ ಟೆಂಪೋ ಪೆಡಲ್ ಇಟ್ಟುಕೊಳ್ಳುತ್ತಾರೆ, ಕೆಲವರು ಡ್ರಮ್ಮರ್ ಕಿವಿಗೆ ವೇಗ ತಪ್ಪದಂತೆ ಬೀಟ್ ಎಣಿಸುವ ಕ್ಲಿಕ್ ಕೊಡುತ್ತಾರೆ.

ಖಾಲಿ ಸಭಾಂಗಣದಲ್ಲಿ ನುಡಿಸಿದಂತೆ ನಾದವನ್ನು ಉಳಿಸುವ ರಿವರ್ಬ್ ಇನ್ನೂ ಹಟಮಾರಿ. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಹಾಗೆ. ನಾದದ ಬಾಲ 4 ಸೆಕೆಂಡ್ ಉಳಿಯುವಂತೆ ಇಟ್ಟಿದ್ದಾರೆ ಅನ್ನಿ. 120ರ ವೇಗದಲ್ಲಿ ನಾಲ್ಕು ಬೀಟ್‌ನ ಒಂದು ಬಾರ್ 2 ಸೆಕೆಂಡ್. ಅಂದರೆ ಒಂದು ಕಾರ್ಡ್ (ಒಟ್ಟಿಗೆ ನುಡಿಸಿದ ಕೆಲವು ಸ್ವರ) ಮುಂದಿನ ಎರಡು ಬಾರ್‌ಗಳವರೆಗೂ ಗಾಳಿಯಲ್ಲೇ ಇರುತ್ತದೆ. ಅದರ ಮೇಲೆ ಹೊಂದದ ಕಾರ್ಡ್ ನುಡಿಸಿದರೆ ರಾಡಿ. ಹಾಗಾಗಿ ಹಿಂದಿನದರ ಜೊತೆ ಒಂದೆರಡು ಸ್ವರ ಹಂಚಿಕೊಳ್ಳುವ ಕಾರ್ಡ್‌ಗಳನ್ನೇ ಆರಿಸಿಕೊಳ್ಳಬೇಕು. ಮೂರು, ನಾಲ್ಕು ಕಾರ್ಡ್, ಮೇಲೆ ಅದೇ ಸ್ವರ ಮಿಡಿಯುತ್ತಲೇ ಇರುತ್ತದೆ. ನಿಮಗೆ ಒಂದೇ ಥರ ಕೇಳುವುದು ಇದು. ಪೆಡಲ್ ಹಾಕಿದ ಬೇಲಿಯೊಳಗೆ ಎಲ್ಲರೂ ಮೇಯುತ್ತಿದ್ದಾರೆ.

ಶಿಖರದ, ಅಂದರೆ ಏರಿಕೆ ಮುಟ್ಟುವ ಅತಿ ಜೋರಾದ ಜಾಗದ, ಗತಿಯೂ ಅದೇ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಒತ್ತಿ ಆರೂ ತಂತಿಯ ತುಂಬು ಕಾರ್ಡ್ ಬಾರಿಸಿದರೆ ಸ್ವರಗಳು ಒಂದಕ್ಕೊಂದು ತಿಕ್ಕಿ ಗರಗರ ಎನ್ನುತ್ತವೆ. ಅದಕ್ಕೆ ಒಬ್ಬೊಬ್ಬ ಗಿಟಾರಿಗನಿಗೆ ಒಂದೋ ಎರಡೋ ಸ್ವರ. ಸ್ವರದ ಬಲ ಕುಗ್ಗದಂತೆ ತಂತಿ ಮೀಟುವ ಪಿಕ್ಕನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಆಡಿಸಬೇಕು. ಸಿಂಬಲ್‌ಗಳ ಸುರಿಮಳೆಯಲ್ಲಿ ಮುಳುಗಬಾರದೆಂದು ಮೇಲಿನ ಸ್ಥಾಯಿಗೆ ಹೋಗಬೇಕು. ಆಯಿತಲ್ಲ, ಎಲ್ಲರೂ ಹತ್ತುವ ಬೆಟ್ಟ ಒಂದೇ.

ಬೆಟ್ಟ ಅಗೆದು ಇಲಿ ಹಿಡಿದಂತಾಗುವುದು ಎರಡು ಕಡೆ. ಒಂದು, ಸರಕನ್ನು ಬೇಗ ಖರ್ಚು ಮಾಡುವುದು. ಮೊದಲ ನಿಮಿಷಕ್ಕೇ ಬೇಸ್ ಬಂದು, ಎರಡನೇ ನಿಮಿಷಕ್ಕೆ ಡಿಸ್ಟಾರ್ಷನ್ ಒತ್ತಿದರೆ ಎಂಟನೇ ನಿಮಿಷಕ್ಕೆ ಜೋಳಿಗೆ ಖಾಲಿ. ಇನ್ನೊಂದು, ರೆಕಾರ್ಡಿಂಗ್ ಮುಗಿದ ಮೇಲೆ ಸದ್ದಿನ ಮಟ್ಟ ಅಂತಿಮಗೊಳಿಸುವ ಮಾಸ್ಟರಿಂಗ್. 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ. ಎಲ್ಲವೂ ದೊಡ್ಡದಾಗಿ ಕೇಳಲಿ ಎಂದು ಸದ್ದು ಒಂದು ಮಟ್ಟ ಮೀರದಂತೆ ತಡೆಯುವ ಲಿಮಿಟರ್ ಹಾಕಿ ಹಿಂಡಿದರೆ ಮೆಲ್ಲನೆಯ ಭಾಗ ಮೇಲೆ ಬರುತ್ತದೆ, ಶಿಖರ ಇದ್ದಲ್ಲೇ ಇರುತ್ತದೆ. ನಡುವಿನ ಅಂತರ 3 ಡೆಸಿಬಲ್‌ಗೆ ಇಳಿದ ಮೇಲೆ ಅದನ್ನು ಏರಿಕೆ ಅನ್ನುವುದು ಮರ್ಯಾದೆಗೆ. 10 ನಿಮಿಷ ಕಾದು ಅಷ್ಟು ಸಿಕ್ಕರೆ ಬೈಯಿರಿ, ನಾನೂ ದನಿ ಸೇರಿಸುತ್ತೇನೆ.

ಇದರ ಮೇಲೆ ಜಾಹೀರಾತಿನ ಪಾಪ ಬೇರೆ. ಎಕ್ಸ್‌ಪ್ಲೋಶನ್ಸ್ ಇನ್ ದ ಸ್ಕೈ ತಂಡ 2004ರಲ್ಲಿ 'ಫ್ರೈಡೇ ನೈಟ್ ಲೈಟ್ಸ್' ಚಿತ್ರಕ್ಕೆ ಸಂಗೀತ ಕೊಟ್ಟಿತು. ಸಿಗುರ್ ರೋಸ್‌ನ 'ಹೊಪ್ಪಿಪೊಲ್ಲಾ' ಬಿಬಿಸಿಯ 'ಪ್ಲಾನೆಟ್ ಅರ್ಥ್' ಸರಣಿಯ ಪ್ರಚಾರಕ್ಕೆ ಬಳಕೆಯಾಯಿತು. ಆಮೇಲೆ ಮೆಲ್ಲಗೆ ಏರುವ ಗಿಟಾರೆಂದರೆ ಕಣ್ಣಂಚು ಒದ್ದೆ ಮಾಡಿಸಿ ಏನಾದರೊಂದು ಮಾರುವ ಉಪಾಯವಾಯಿತು. ಮೂಲ ಕೇಳಿದವರಿಗೂ ಈಗ ಯಾವುದೋ ಜಾಹೀರಾತಿನ ನೆನಪಾಗುತ್ತದೆ. ತಪ್ಪು ಯಾರದ್ದೋ, ಬೈಗುಳ ಇವರಿಗೆ.

ಆದರೆ ಪ್ರಕಾರವೆಲ್ಲ ಈ ಮೆಟ್ಟಿಲಿನಲ್ಲೇ ಕೂತಿದೆ ಎನ್ನಬೇಡಿ. ಮೊಗ್ವಾಯ್‌ನ 1997ರ 'ಯಂಗ್ ಟೀಮ್' ಆಲ್ಬಂನ 'ಲೈಕ್ ಹೆರಡ್' ಮೆಟ್ಟಿಲು ಹತ್ತುವುದೇ ಇಲ್ಲ. ಪಿಸುಗುಟ್ಟುತ್ತ ಇದ್ದದ್ದು ಸುಳಿವು ಕೊಡದೆ ತಲೆಯ ಮೇಲೆ ಬೀಳುತ್ತದೆ. ಟಾರ್ಟಾಯ್ಸ್‌ನ 1996ರ 'ಜೆಡ್' ಸುಮಾರು 21 ನಿಮಿಷ. ಅದಕ್ಕೆ ಶಿಖರವೇ ಇಲ್ಲ, ಒಂದು ಕಡೆ ಟೇಪು ಕೆಟ್ಟಿತೇನೋ ಎನ್ನುವ ಹಾಗೆ ಸದ್ದೇ ಚೂರಾಗಿ ಬೇರೆ ದಾರಿ ಹಿಡಿಯುತ್ತದೆ. ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್‌ನ 2000ದ ಜೋಡಿ ಆಲ್ಬಂನಲ್ಲಿ 87 ನಿಮಿಷಕ್ಕೆ ನಾಲ್ಕೇ ನುಡಿಕೆ. ಅದರಲ್ಲಿ ಏರಿಕೆ ಬೇಕಾದಷ್ಟಿದೆ, ಆದರೆ ನಡುನಡುವೆ ರೆಕಾರ್ಡ್ ಮಾಡಿಟ್ಟ ಜನರ ಮಾತು, ಎಲ್ಲಿಗೂ ಹೋಗದ ಗುಂಯ್‌ಗುಡುವಿಕೆ. ಉದ್ದ ಜಾಸ್ತಿ ಆಯಿತು ಎನ್ನುವವರ ಜೊತೆ ನನ್ನ ತಕರಾರಿಲ್ಲ. ಎರಡು ಗಂಟೆಯ ಸಿನಿಮಾ ನೋಡಿ ಬಂದು ಹಾಗೆ ಹೇಳುವಾಗ ಮಾತ್ರ ನಗು ಬರುತ್ತದೆ.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಬಹುದಿತ್ತು: 'ಇದನ್ನು ಎಷ್ಟು ಜೋರಾಗಿ ಕೇಳಬೇಕು?' ಕೇಳಿಲ್ಲ. 'ಏನೂ ಆಗುತ್ತಿಲ್ಲ' ಎಂಬ ದೂರಿನ ಅರ್ಧ ಕಾರಣ ಅಲ್ಲಿದೆ. ಎಲ್ಲರೂ ಮಾಡುವ ತಪ್ಪು ಒಂದೇ. ಶುರುವಿನ ಮೆಲ್ಲನೆಯ ಭಾಗ ಕೇಳಿಸಲಿಲ್ಲವೆಂದು ವಾಲ್ಯೂಮ್ ಏರಿಸುತ್ತಾರೆ, ಏಳನೇ ನಿಮಿಷಕ್ಕೆ ಬೆಚ್ಚಿಬಿದ್ದು ಇಳಿಸುತ್ತಾರೆ. ತಂಡ ಕಷ್ಟಪಟ್ಟು ಕಟ್ಟಿದ ಅಂತರವನ್ನು ಹೆಬ್ಬೆರಳಲ್ಲೇ ಅಳಿಸಿ, ಬೇಜಾರು ಅನ್ನುತ್ತಾರೆ. ಉಲ್ಟಾ ಮಾಡಿ. ಮೂರನೇ ಎರಡು ಭಾಗ ದಾಟಿಸಿ, ಅತಿ ಜೋರಾದ ಜಾಗ ಹುಡುಕಿ, ಕಿವಿಗೆ ನೋವಾಗದ ಮಟ್ಟಕ್ಕೆ ಅಲ್ಲಿ ವಾಲ್ಯೂಮ್ ಇಡಿ. ಮತ್ತೆ ಮೊದಲಿಗೆ ಬನ್ನಿ. ಮುಗಿಯುವವರೆಗೆ ಮುಟ್ಟಬೇಡಿ.

ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಆಫ್ ಮಾಡಿ, ಇಲ್ಲದಿದ್ದರೆ ಒಂದರ ಬಾಲ ಇನ್ನೊಂದರ ತಲೆ ತಿನ್ನುತ್ತದೆ. ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿರುಕು ಬಿಡದ ಸೌಲಭ್ಯ) ಆನ್ ಇರಲಿ. ಸದ್ದಿನ ಮಟ್ಟ ಸರಿದೂಗಿಸುವ ನಾರ್ಮಲೈಸೇಶನ್ ಇದ್ದರೆ ಆಫ್ ಮಾಡಿ. ಶಫಲ್‌ನಲ್ಲಿ ಹಾಕಿದರೆ ಅದು ಒಂದೊಂದು ಟ್ರ್ಯಾಕನ್ನೂ ಬೇರೆ ಬೇರೆ ತೂಗಿ ಮೆಲ್ಲನೆಯ ಟ್ರ್ಯಾಕನ್ನು ಎತ್ತಿಬಿಡಬಹುದು. ಟಿವಿ ಸ್ಪೀಕರಿನ ಜೋರು-ಮೆಲ್ಲನೆಯ ಅಂತರ ಕುಗ್ಗಿಸುವ ನೈಟ್ ಮೋಡ್ ಕೂಡ ಬೇಡ. ಫೋನಿನ ಸ್ಪೀಕರ್ ಅಂತೂ ಮರೆತುಬಿಡಿ: ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಅದು ಅಲ್ಲಿ ಹುಟ್ಟುವುದೇ ಇಲ್ಲ. ನೇರ ಕಛೇರಿಗೆ ಹೋದರೆ ಇಯರ್‌ಪ್ಲಗ್ ಒಯ್ಯಿರಿ. 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ (NIOSH) ಹೇಳುವ ಲೆಕ್ಕ. 100 ಡೆಸಿಬಲ್‌ಗೆ 15 ನಿಮಿಷ ಉಳಿಯುತ್ತದೆ, ಅಂದರೆ ಒಂದೇ ಒಂದು ನುಡಿಕೆ.

ಇಷ್ಟೆಲ್ಲ ಮಾಡಿಯೂ ಬೇಜಾರಾದರೆ ಅದು ನಿಮ್ಮ ಬೇಜಾರು, ಹಿಡಿದಿಡುವುದಿಲ್ಲ. ಎದ್ದು ಹೋಗುವ ಮುಂಚೆ ಸಿಗುರ್ ರೋಸ್‌ನ 2002ರ ಆಲ್ಬಂ ಒಂದನ್ನು ಹಾಕಿ ನೋಡಿ. ಹೆಸರು ಬರೀ ಎರಡು ಕಂಸ. ಎಂಟು ಟ್ರ್ಯಾಕ್, ಒಂದಕ್ಕೂ ಹೆಸರಿಲ್ಲ. ಹಾಡುಗಾರ ಇದ್ದಾರೆ, ಹಾಡುವುದು ಅರ್ಥವಿಲ್ಲದ ಉಲಿಗಳನ್ನು. ಜೊತೆಗಿನ ಪುಸ್ತಿಕೆಯ ಪುಟಗಳು ಖಾಲಿ, ಮಾತು ನೀವೇ ಬರೆದುಕೊಳ್ಳಿ ಎಂದು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ 36 ಸೆಕೆಂಡ್ ಬರೀ ಮೌನ. ಆ 36 ಸೆಕೆಂಡಿನಲ್ಲಿ ಬೇಕಾದರೆ ಕೇಳಿ, ಹಾಡು ಯಾವಾಗ ಶುರುವಾಗುತ್ತೆ ಅಂತ.